ಅಪ್ಪ, ಅಮ್ಮ, ಗುರು, ಆಮೇಲೆ ದೊರೆ: ಮದುರಾ ಜನರ ಮೇಲು-ಕೀಳಿನ ಲೆಕ್ಕ

ಮದುರಾ ಅಂದ ಕೂಡಲೇ ಮನಸ್ಸು ತಮಿಳುನಾಡಿನ ಮದುರೆಗೆ ಹೋದರೆ ವಾಪಸ್ ಕರೆದುಕೊಳ್ಳಿ. ಇದು ಇಂಡೋನೇಷ್ಯಾದ ಒಂದು ದ್ವೀಪ. ಜಾವಾದ ಸುರಬಾಯಾ ನಗರದ ಎದುರಿಗೇ ಇದೆ, ಮಧ್ಯೆ ಒಂದು ಕಿರಿದಾದ ಕಡಲು. ಉದ್ದ ಸುಮಾರು 160 ಕಿಲೋಮೀಟರ್, ಅಗಲ 40ರ ಒಳಗೆ. ಪಶ್ಚಿಮದಿಂದ ಪೂರ್ವಕ್ಕೆ ಬಾಂಗ್ಕಲಾನ್, ಸಾಂಪಾಂಗ್, ಪಮೆಕಾಸಾನ್, ಸುಮೆನೆಪ್ ಎಂಬ ನಾಲ್ಕು ಜಿಲ್ಲೆಗಳು. 2010ರ ಜನಗಣತಿಯಲ್ಲಿ ಮದುರಾ ಜನಾಂಗದವರು ಸುಮಾರು 72 ಲಕ್ಷ ಇದ್ದರು. ತಮಾಷೆ ಅಂದರೆ ಅವರಲ್ಲಿ ದ್ವೀಪದಲ್ಲೇ ಇದ್ದವರು ಅರ್ಧದಷ್ಟು ಮಾತ್ರ. ಉಳಿದವರು ಪೂರ್ವ ಜಾವಾದಲ್ಲಿ, ಜಕಾರ್ತಾದಲ್ಲಿ, ಇನ್ನೂ ದೂರದ ದ್ವೀಪಗಳಲ್ಲಿ ಬದುಕು ಕಟ್ಟಿಕೊಂಡವರು.

ಈ ಜನರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: 'ಭುಪ್ಪಾ, ಭಾಭು, ಗುರು, ರಾತೊ'. ಭುಪ್ಪಾ ಅಂದರೆ ಅಪ್ಪ, ಭಾಭು ಅಂದರೆ ಅಮ್ಮ. ಗುರು ನಮಗೂ ಗೊತ್ತಿರುವ ಗುರುವೇ, ಸಂಸ್ಕೃತದಿಂದ ಅಲ್ಲಿಗೂ ಹೋದ ಪದ. ರಾತೊ ಅಂದರೆ ರಾಜ, ಈಗಿನ ಅರ್ಥದಲ್ಲಿ ಸರ್ಕಾರ. ಯಾರಿಗೆ ತಲೆಬಾಗಬೇಕು, ಯಾವ ಕ್ರಮದಲ್ಲಿ ಬಾಗಬೇಕು ಅಂತ ಮಕ್ಕಳಿಗೆ ಹೇಳಿಕೊಡುವ ಮಾತು ಇದು. ದೇವರ ಹೆಸರು ಇದರಲ್ಲಿ ಇಲ್ಲ. ಯಾಕೆಂದರೆ ಅವನು ಈ ಪಟ್ಟಿಗಿಂತ ಮೇಲೆ. ಮದುರಾದವರು ಬಹುತೇಕ ಎಲ್ಲರೂ ಮುಸ್ಲಿಮರು, ಅದೂ ಗಟ್ಟಿ ನಂಬಿಕೆಯವರು.

ಆದರೆ ನಾಲ್ಕರಲ್ಲಿ ರಾಜ ಕೊನೆಗೆ ಹೋಗಿದ್ದು ಹೇಗೆ? ಶತಮಾನಗಟ್ಟಲೆ ಅರಮನೆ, ದೊರೆ, ಆಸ್ಥಾನ ಎಲ್ಲಾ ಇದ್ದ ನಾಡು ಅದು. ಈ ಒಂದು ಪ್ರಶ್ನೆ ಹಿಡಿದು ಹೊರಟರೆ ಮದುರಾ ಸಮಾಜದ ಮುಕ್ಕಾಲು ಪಾಲು ಅರ್ಥವಾಗುತ್ತದೆ ಅಂತ ನನಗನ್ನಿಸುತ್ತದೆ.

ಮೊದಲು ಮಣ್ಣು ನೋಡೋಣ. ಪಕ್ಕದ ಜಾವಾದಲ್ಲಿ ಜ್ವಾಲಾಮುಖಿಯ ಕಪ್ಪು ಮಣ್ಣು, ತುಂಬಿ ಹರಿಯುವ ಹೊಳೆ, ಹಸಿರು ಭತ್ತದ ಗದ್ದೆ. ಮದುರಾದಲ್ಲಿ ಸುಣ್ಣಕಲ್ಲಿನ ನೆಲ. ಹೆಚ್ಚಿನದು ಮಳೆ ನಂಬಿದ ಹೊಲ. ಮೆಕ್ಕೆಜೋಳ ಬೆಳೆಯುತ್ತಾರೆ, ಬೇಸಿಗೆಯಲ್ಲಿ ತಂಬಾಕು ಹಾಕುತ್ತಾರೆ, ದನ ಸಾಕುತ್ತಾರೆ, ದಕ್ಷಿಣದ ದಡದಲ್ಲಿ ಉಪ್ಪು ತೆಗೆಯುತ್ತಾರೆ. ಇಂಡೋನೇಷ್ಯಾದಲ್ಲಿ ಇದಕ್ಕೆ 'ಉಪ್ಪಿನ ದ್ವೀಪ' ಅಂತಲೇ ಅಡ್ಡಹೆಸರು.

ಕುಂತೊವಿಜೊಯೊ ಎಂಬ ಇಂಡೋನೇಷ್ಯಾದ ಇತಿಹಾಸಕಾರರು ಇಲ್ಲೇ ಒಂದು ಮುಖ್ಯ ಎಳೆ ಹಿಡಿದರು. ಭತ್ತದ ಗದ್ದೆ ಇದ್ದರೆ ಕಾಲುವೆ ನೀರು ಹಂಚಿಕೊಳ್ಳಬೇಕು. ನೀರು ಹಂಚಬೇಕಾದರೆ ಊರು ಒಟ್ಟಾಗಿ ಕೂರಬೇಕು. ಹಾಗಾಗಿ ಗದ್ದೆ ನಾಡಿನಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ, ಊರಿಗೆ ಒಂದು ನಡು ಇರುತ್ತದೆ. ಮಳೆ ಹೊಲದಲ್ಲಿ ಆ ಗರಜಿಲ್ಲ. ನನ್ನ ಹೊಲ, ನನ್ನ ಮಳೆ. ಅದಕ್ಕೇ ಮದುರಾದ ಹಳ್ಳಿಗಳು ಚದುರಿಬಿದ್ದ ಹಾಗೆ ಕಾಣುತ್ತವೆ. ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಮನೆ ಗುಂಪು. ಊರು ಅನ್ನೋದು ಕಾಗದದ ಮೇಲೆ ಜಾಸ್ತಿ, ಬದುಕಿನಲ್ಲಿ ಕಮ್ಮಿ.

ಹಾಗಾದರೆ ಬದುಕು ಎಲ್ಲಿ? ಅಂಗಳದಲ್ಲಿ. ಆ ಮನೆ ಗುಂಪಿಗೆ 'ತನೇಯನ್ ಲಂಝಾಂಗ್' ಅನ್ನುತ್ತಾರೆ, ಉದ್ದನೆಯ ಅಂಗಳ ಅಂತ ಅರ್ಥ. ಉತ್ತರದ ಕಡೆ ಸಾಲಾಗಿ ಮನೆಗಳು, ಎಲ್ಲದರ ಬಾಗಿಲೂ ದಕ್ಷಿಣಕ್ಕೆ. ಎದುರಿಗೆ ಅಡುಗೆ ಮನೆ, ಕೊಟ್ಟಿಗೆ. ಪಶ್ಚಿಮದ ತುದಿಗೆ ಒಂದು ಪುಟ್ಟ ಪ್ರಾರ್ಥನೆಯ ಕಟ್ಟೆಮನೆ. ಅದು ಲಂಗ್ಗಾರ್. ಮೆಕ್ಕಾ ಇರುವುದು ಆ ದಿಕ್ಕಿಗೆ ಅಲ್ವಾ, ಅದಕ್ಕೆ. ಅದಕ್ಕೆ ತಾಗಿದಂತೆ ಮೊದಲು ಹಿರಿಯರ ಮೂಲ ಮನೆ. ಆಮೇಲೆ ಪೂರ್ವಕ್ಕೆ ಸರಿಯುತ್ತಾ ಹಿರಿಮಗಳ ಮನೆ, ಎರಡನೆಯವಳ ಮನೆ, ಮೂರನೆಯವಳ ಮನೆ.

ಹೌದು, ಮಗಳ ಮನೆ. ಇಲ್ಲಿ ಮದುವೆಯಾದ ಮೇಲೆ ಗಂಡ ಹೆಂಡತಿಯ ಅಂಗಳಕ್ಕೆ ಬರುತ್ತಾನೆ. ಗಂಡುಮಕ್ಕಳು ಸ್ವಲ್ಪ ದೊಡ್ಡವರಾದ ಕೂಡಲೇ ರಾತ್ರಿ ಮಲಗುವುದು ಲಂಗ್ಗಾರ್‌ನಲ್ಲಿ. ಹೊರಗಿನ ಗಂಡಸು ಬಂದರೂ ಅವನನ್ನು ಕೂರಿಸುವುದು ಅಲ್ಲೇ. ಮನೆಯ ಒಳಗು ಹೆಂಗಸರದ್ದು. ಅಂಗಳಕ್ಕೆ ಕಾಲಿಡುವ ಪರಗಂಡಸು ನೇರವಾಗಿ ಮನೆ ಬಾಗಿಲಿಗೆ ಹೋದರೆ ಅದು ಬರೀ ಅವಿವೇಕ ಅಲ್ಲ, ತಪ್ಪು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂಗಳದಿಂದ ಹೊರಕ್ಕೆ ಹೋದ ಹಾಗೆ ನಂಟು ತೆಳುವಾಗುತ್ತಾ ಹೋಗುತ್ತದೆ. ಒಳಗಿನ ನಂಟರು, ಹತ್ತಿರದವರು, ದೂರದವರು, ಅದರಾಚೆ ಹೊರಗಿನವರು. ಆದರೆ ಈ ಗೆರೆಗಳು ಕಲ್ಲಿನಲ್ಲಿ ಕೊರೆದವಲ್ಲ. 'ಒರೆಂಗ್ ದಾದ್ದಿ ತರೆತಾನ್, ತರೆತಾನ್ ದಾದ್ದಿ ಒರೆಂಗ್' ಅನ್ನುತ್ತಾರೆ. ಪರರು ನಂಟರಾಗಬಹುದು, ನಂಟರು ಪರರಾಗಬಹುದು. ನಡತೆ ಸರಿಯಿದ್ದರೆ ಯಾರೋ ಒಬ್ಬ ತಮ್ಮನಾಗುತ್ತಾನೆ, ನಡತೆ ಕೆಟ್ಟರೆ ಒಡಹುಟ್ಟಿದವನೂ 'ಯಾರೋ' ಆಗುತ್ತಾನೆ.

ಇನ್ನು ಮೆಟ್ಟಿಲುಗಳ ವಿಷಯ. ಹಳೆಯ ಲೆಕ್ಕದಲ್ಲಿ ಸಮಾಜಕ್ಕೆ ಮೂರು ಪದರ. ಕೆಳಗೆ 'ಒರೆಂಗ್ ಕೆನೆ', ಅಂದರೆ ಸಣ್ಣ ಜನ. ರೈತರು, ಮೀನುಗಾರರು, ಸಣ್ಣ ವ್ಯಾಪಾರಿಗಳು, ಕಸುಬಿನವರು. ನಡುವೆ 'ಪೊಂಗ್ಗಾಬಾ', ಅಂದರೆ ಅಧಿಕಾರಿಗಳು, ಸರ್ಕಾರಿ ಕೆಲಸದವರು. ಮೇಲೆ 'ಪರ್ಜಾಜಿ', ರಾಜಮನೆತನದ ರಕ್ತದವರು. ಇವರ ಹೆಸರಿನ ಮುಂದೆ ರಾದೆನ್ ಅನ್ನುವಂಥ ಬಿರುದು ಇರುತ್ತದೆ.

ಇದು ಒಂದು ಏಣಿ. ಇದರ ಪಕ್ಕದಲ್ಲೇ ಇನ್ನೊಂದು ಏಣಿ ನಿಂತಿದೆ, ಅದು ಧರ್ಮದ್ದು. ಧಾರ್ಮಿಕ ವಸತಿ ಶಾಲೆಯಲ್ಲಿ ಓದುವವನು ಸಂತ್ರಿ. ಓದು ಮುಗಿಸಿ ನಾಲ್ಕು ಜನಕ್ಕೆ ಹೇಳಿಕೊಡಬಲ್ಲವನು ಬಿಂದಾರಾ. ಅದಕ್ಕೂ ಮೇಲೆ ಕಿಯಾಯ್, ಅಂದರೆ ಗುರು. ಕಿಯಾಯ್ ಹೆಂಡತಿ ನ್ಯಾಯ್, ಮಗ ಲೋರಾ. ಆ ನಾಲ್ಕು ಪದಗಳ ಪಟ್ಟಿಯಲ್ಲಿ 'ಗುರು' ಅಂದರೆ ಶಾಲೆ ಮೇಷ್ಟ್ರಲ್ಲ, ಈ ಕಿಯಾಯ್.

ಮದುರಾದ ಇತಿಹಾಸ ಅಂದರೆ ಎರಡನೇ ಏಣಿ ಮೊದಲನೆಯದನ್ನು ಮೀರಿ ಬೆಳೆದ ಕಥೆ.

ರಾಜರು ಎಲ್ಲಿ ಸೋತರು? 1624ರಲ್ಲಿ ಜಾವಾದ ಮಾತಾರಾಮ್ ದೊರೆ ಸುಲ್ತಾನ್ ಅಗುಂಗ್ ಮದುರಾವನ್ನು ಗೆದ್ದ. ಪಶ್ಚಿಮ ಭಾಗಕ್ಕೆ ಚಕ್ರನಿಂಗ್ರಾತ್ ಎಂಬ ಬಿರುದಿನ ಮನೆತನವನ್ನು ಕೂರಿಸಿದ. ಅದೇ ಮನೆತನದ ತ್ರುನಾಜಯ ದಂಗೆ ಎದ್ದು 1677ರಲ್ಲಿ ಮಾತಾರಾಮ್ ರಾಜಧಾನಿಯನ್ನೇ ಹಿಡಿದ. ಮೂರು ವರ್ಷದೊಳಗೆ ಅವನನ್ನೂ ಕೊಂದರು. ಆಮೇಲೆ ಡಚ್ಚರು ಬಂದರು. ಚಕ್ರನಿಂಗ್ರಾತ್ ನಾಲ್ಕನೆಯವನು ಅವರ ಜೊತೆ ಕೈಜೋಡಿಸಿ, ಆಮೇಲೆ ಜಗಳ ತೆಗೆದು, ಕೊನೆಗೆ ಆಫ್ರಿಕಾದ ತುದಿಯ ಕೇಪ್‌ಗೆ ಗಡೀಪಾರಾದ. ಉಳಿದ ದೊರೆಗಳು ಡಚ್ಚರ ನೆರಳಿನಲ್ಲಿ ಕೂತರು. ಬಂಧುಗಳಿಗೆ, ಅಧಿಕಾರಿಗಳಿಗೆ ಸಂಬಳದ ಬದಲು ಹಳ್ಳಿಗಳನ್ನೇ ಬಿಟ್ಟುಕೊಡುತ್ತಿದ್ದರು. ಆ ಹಳ್ಳಿಯ ಕಂದಾಯ, ಬಿಟ್ಟಿ ದುಡಿಮೆ ಎಲ್ಲಾ ಅವರದ್ದು. ರೈತನಿಗೆ ಪರ್ಜಾಜಿಯ ಮುಖ ಕಾಣುತ್ತಿದ್ದದ್ದು ವಸೂಲಿಯ ಹೊತ್ತಿನಲ್ಲಿ. ಕೊನೆಗೆ ಡಚ್ಚರು ಅದನ್ನೂ ಕಿತ್ತುಕೊಂಡರು. 1858ರಲ್ಲಿ ಪಮೆಕಾಸಾನ್, 1883ರಲ್ಲಿ ಸುಮೆನೆಪ್, 1885ರಲ್ಲಿ ಬಾಂಗ್ಕಲಾನ್ ನೇರ ಆಡಳಿತಕ್ಕೆ ಬಂದವು. ದೊರೆಗಳು ಸಂಬಳದ ನೌಕರರಾದರು. ಪರ್ಜಾಜಿ ಇಳಿದು ಪೊಂಗ್ಗಾಬಾ ಆದ ಅನ್ನಬಹುದು.

ಕಿಯಾಯ್ ಮಾತ್ರ ಎಲ್ಲೂ ಹೋಗಿರಲಿಲ್ಲ. ಅವನು ಹೊಲದ ನಡುವೆಯೇ ಇದ್ದ. ಮಗುವಿಗೆ ಹೆಸರಿಡಲು, ಕುರಾನ್ ಓದಿಸಲು, ಮದುವೆ ದಿನ ನೋಡಲು, ದನಕ್ಕೆ ಕಾಯಿಲೆ ಬಂದರೆ ನೀರು ಮಂತ್ರಿಸಲು, ಹೆಣಕ್ಕೆ ಪ್ರಾರ್ಥನೆ ಮಾಡಲು ಅವನೇ ಬೇಕು. ಚದುರಿದ ಅಂಗಳಗಳನ್ನು ಹೊಲಿದ ದಾರ ಅವನು. ಶುಕ್ರವಾರದ ನಮಾಜಿಗೆ ಎಲ್ಲರೂ ಒಂದೆಡೆ ಸೇರಬೇಕಲ್ಲ, ಊರಿಗೆ ನಡು ಅಂತ ಒಂದು ಹುಟ್ಟಿದ್ದೇ ಅಲ್ಲಿ.

ಸುಮೆನೆಪ್‌ನವರು ಹೇಳುವ ಒಂದು ಕಥೆ ಇದೆ, ನನಗೆ ಬಹಳ ಇಷ್ಟ. ಒಬ್ಬ ಗುರು ಮನೆಗೆ ಬಂದು ಬಾಗಿಲಲ್ಲಿ ಸಲಾಂ ಹೇಳಿದನಂತೆ. ಹೆಂಡತಿ ನಮಾಜಿನಲ್ಲಿದ್ದಳು, ಉತ್ತರ ಕೊಡುವ ಹಾಗಿಲ್ಲ. ಆಗ ಅವಳ ಹೊಟ್ಟೆಯೊಳಗಿನ ಕೂಸೇ ಸಲಾಮಿಗೆ ಉತ್ತರ ಹೇಳಿತಂತೆ. ಹುಟ್ಟಿದ ಮಗುವಿಗೆ ಸಾಒತ್ ಅಂತ ಹೆಸರಾಯಿತು, ಉತ್ತರ ಕೊಟ್ಟವನು ಅಂತ. ದೊಡ್ಡವನಾಗಿ ಬಿಂದಾರಾ ಸಾಒತ್ ಆದ, ಹಳ್ಳಿಯಲ್ಲಿ ಪಾಠ ಹೇಳಿಕೊಂಡಿದ್ದ. ಆಗ ಸುಮೆನೆಪ್ ಆಳುತ್ತಿದ್ದವಳು ರಾದೆನ್ ಆಯು ರಸ್ಮಾನಾ ಎಂಬ ರಾಣಿ. ಅವಳಿಗೆ ಕನಸಿನಲ್ಲಿ ಇವನನ್ನೇ ಮದುವೆಯಾಗು ಅಂತ ಸೂಚನೆ ಬಂತಂತೆ.

ಹೊಟ್ಟೆಯೊಳಗಿಂದ ಮಾತಾಡಿದ್ದು, ಕನಸು ಬಿದ್ದದ್ದು ಕಥೆ ಇರಬಹುದು. ಮದುವೆ ಕಥೆಯಲ್ಲ. ಸಾಒತ್ 1750ರಿಂದ 1762ರವರೆಗೆ ದೊರೆಯಾಗಿ ಆಳಿದ. ಅವನ ಪೂರ್ವಜರಲ್ಲೂ ರಾಜರಕ್ತ ಇತ್ತು ಅಂತ ವಂಶಾವಳಿ ತೋರಿಸುವವರು ಇದ್ದಾರೆ, ಅದು ಬೇರೆ ಮಾತು. ಅವನ ನಂತರ ಪಟ್ಟಕ್ಕೆ ಬಂದ ನಾತಾಕುಸುಮಾ ರಾಣಿಯ ಮಗನಲ್ಲ. ಸಾಒತ್‌ನ ಹಳ್ಳಿಯ ಹೆಂಡತಿ ನ್ಯಾಯ್ ಇಜ್ಜಾಳ ಮಗ. ಅಂದರೆ ಸುಮೆನೆಪ್‌ನ ಮುಂದಿನ ದೊರೆಗಳೆಲ್ಲ ಗುರುವಿನ ಮನೆಯ ಕುಡಿಗಳು. ಗುರು ಮತ್ತು ರಾತೊ ಬೇರೆ ಬೇರೆ ಸಾಲಿನಲ್ಲಿ ನಿಂತ ನಾಡಿನಲ್ಲಿ ಒಂದು ಸಲ ಗುರುವೇ ರಾತೊ ಆಗಿಬಿಟ್ಟ.

ನಾತಾಕುಸುಮಾ ಕಟ್ಟಿಸಿದ ದೊಡ್ಡ ಮಸೀದಿ ಇವತ್ತಿಗೂ ಸುಮೆನೆಪ್ ಪೇಟೆಯ ಮಧ್ಯೆ ಇದೆ. 1779ರಲ್ಲಿ ಕೆಲಸ ಶುರುವಾಗಿ 1787ರಲ್ಲಿ ಮುಗಿಯಿತು. ಕಟ್ಟಿದ ಶಿಲ್ಪಿ ಲಾವ್ ಪಿಯಾಂಗೊ, ಚೀನೀ ಮೂಲದವನು. ಹಳದಿ ಬಿಳಿ ಬಣ್ಣದ ಅದರ ಹೆಬ್ಬಾಗಿಲು ನೋಡಿದರೆ ಯಾವ ದೇಶದ್ದು ಅಂತ ಹೇಳೋದು ಕಷ್ಟ. 1806ರಲ್ಲಿ ದೊರೆ ಒಂದು ದಾನಪತ್ರ ಬರೆಸಿದ: ಇದು ದೇವರ ಮನೆ, ನನ್ನ ನಂತರ ಆಳುವವರು ನೋಡಿಕೊಳ್ಳಬೇಕು, ಆದರೆ ಯಾರೂ ಪಿತ್ರಾರ್ಜಿತ ಅಂತ ಪಡೆಯುವ ಹಾಗಿಲ್ಲ, ಮಾರುವ ಹಾಗಿಲ್ಲ.

ಗುರುವಿನ ಸಾಲಿನಲ್ಲಿ ಅತಿ ದೊಡ್ಡ ಹೆಸರು ಪಶ್ಚಿಮದ ಬಾಂಗ್ಕಲಾನ್‌ನ ಸ್ಯೈಖೊನಾ ಖೋಲಿಲ್ ಅವರದ್ದು. 1925ರಲ್ಲಿ ತೀರಿಕೊಂಡರು. ಇಂಡೋನೇಷ್ಯಾದ ಅತಿ ದೊಡ್ಡ ಮುಸ್ಲಿಂ ಸಂಘಟನೆ ನಹ್ದ್ಲಾತುಲ್ ಉಲಮಾವನ್ನು 1926ರಲ್ಲಿ ಕಟ್ಟಿದ ಹಾಶಿಮ್ ಅಶ್ಅರಿ ಇವರ ಶಿಷ್ಯ. ಇವರ ಸಮಾಧಿಗೆ ಈಗಲೂ ಬಸ್ಸುಗಟ್ಟಲೆ ಜನ ಬರುತ್ತಾರೆ.

ಮೆಟ್ಟಿಲುಗಳು ಇರುವುದು ಬರೀ ಪಟ್ಟಿಯಲ್ಲಲ್ಲ, ಬಾಯಲ್ಲೂ ಇವೆ. ಮದುರಾ ಭಾಷೆಗೆ ಮೂರು ಮಟ್ಟ. ಕೆಳಗಿನದು ಎಂಜಾ-ಈಯಾ, ನಡುವಿನದು ಎಂಗ್ಘಿ-ಎಂತೆನ್, ಮೇಲಿನದು ಎಂಗ್ಘಿ-ಭುಂತೆನ್. ಹೆಸರುಗಳು ಸೊಗಸಾಗಿವೆ. ಆಯಾ ಮಟ್ಟದಲ್ಲಿ 'ಹೌದು', 'ಇಲ್ಲ' ಅನ್ನುವುದಕ್ಕೆ ಇರುವ ಪದಗಳೇ ಆ ಮಟ್ಟದ ಹೆಸರು. ನಾವು ನೀನು, ನೀವು ಅಂತ ಬದಲಾಯಿಸಿ ಕ್ರಿಯಾಪದದ ಬಾಲ ತಿರುಗಿಸಿದರೆ ಕೆಲಸ ಮುಗಿಯಿತು. ಅಲ್ಲಿ ಪದವೇ ಬೇರೆ. ಊಟ ಮಾಡು ಅನ್ನಲು ಕೆಳಗಿನ ಮಟ್ಟದಲ್ಲಿ ಙಕಾನ್, ಅದಕ್ಕಿಂತ ಮೇಲೆ ನೆದ್ದಾ, ಹಿರಿಯರಿಗೆ ಆದಾಆರ್. (ಕನ್ನಡದಲ್ಲಿ ಕೆಲಸವಿಲ್ಲದೆ ಕೂತಿದ್ದ 'ಙ'ಗೆ ಇಲ್ಲಿ ಒಂದು ಕೆಲಸ ಸಿಕ್ಕಿತು.) ಆದಾಆರ್ ಬೇರೆಯವರಿಗೆ ಮಾತ್ರ. 'ನಾನು ಉಂಡೆ' ಅನ್ನುವಾಗ ಅದನ್ನು ಬಳಸಿದರೆ ತನ್ನನ್ನು ತಾನೇ ಹೊಗಳಿಕೊಂಡ ಹಾಗೆ, ಜನ ನಗುತ್ತಾರೆ.

ಮಗ ಅಪ್ಪನಿಗೆ, ಶಿಷ್ಯ ಕಿಯಾಯ್‌ಗೆ, ಒರೆಂಗ್ ಕೆನೆ ಪರ್ಜಾಜಿಗೆ ಮೇಲಿನ ಮಟ್ಟದಲ್ಲಿ ಮಾತಾಡಬೇಕು. ವಯಸ್ಸೊಂದೇ ಲೆಕ್ಕಕ್ಕೆ ಬರುವುದಿಲ್ಲ. ತಲೆ ನರೆತ ರೈತ ಹದಿಹರೆಯದ ಲೋರಾನಿಗೆ ಬಾಗಿ ಮಾತಾಡುತ್ತಾನೆ. ಇದನ್ನು ವಿನಯ ಅನ್ನೋಣವೋ, ಹೊರೆ ಅನ್ನೋಣವೋ? ಸುಮೆನೆಪ್‌ನವರು ತಮ್ಮ ಮಾತೇ ನಯವಾದದ್ದು ಅಂತ ಹೆಮ್ಮೆ ಪಡುತ್ತಾರೆ. ಪಟ್ಟಣದ ಹುಡುಗರು ಮಾತ್ರ ಮೇಲಿನ ಮಟ್ಟದಲ್ಲಿ ತಪ್ಪಿಬಿಟ್ಟೇವು ಅನ್ನುವ ಹೆದರಿಕೆಗೆ ಸುಮ್ನೆ ಇಂಡೋನೇಷ್ಯಾ ಭಾಷೆಗೆ ಜಾರಿಕೊಳ್ಳುತ್ತಾರೆ. ಅದರಲ್ಲಿ ಈ ರಗಳೆ ಇಲ್ಲ.

ಇಷ್ಟೆಲ್ಲ ಬಾಗುವ ಜನ ಒಂದು ಕಡೆ ಮಾತ್ರ ಬಾಗುವುದಿಲ್ಲ, ಅದು ಮಾನ. ಹೊರಗಿನವರು ಮದುರಾ ಅಂದ ಕೂಡಲೇ ಹೇಳುವ ಪದ 'ಚಾರೊಕ್'. ಮಾನ ಹೋಯಿತು ಅಂತ ಕುಡುಗೋಲು ಹಿಡಿದು ಮಾಡುವ ಕಾಳಗ, ಬಹುಪಾಲು ಸಾವಿನಲ್ಲೇ ಮುಗಿಯುವಂಥದ್ದು. ಇದನ್ನು ಆಳವಾಗಿ ಅಧ್ಯಯನ ಮಾಡಿದ ಲತೀಫ್ ವಿಯಾತಾ ಎಂಬ ಮಾನವಶಾಸ್ತ್ರಜ್ಞರು ಎರಡು ಪದಗಳನ್ನು ಬಿಡಿಸಿ ತೋರಿಸಿದ್ದಾರೆ. 'ತೊದುಸ್' ಅಂದರೆ ನಾನೇ ಏನೋ ತಪ್ಪು ಮಾಡಿ ನಾಚಿಕೊಳ್ಳೋದು. 'ಮಾಲೊ' ಅಂದರೆ ಇನ್ನೊಬ್ಬ ನನ್ನನ್ನು ಲೆಕ್ಕಕ್ಕೇ ಇಲ್ಲ ಅನ್ನುವಂತೆ ನಡೆದುಕೊಂಡಾಗ ಆಗುವ ಅವಮಾನ. ತೊದುಸ್‌ಗೆ ತಲೆ ತಗ್ಗಿಸಿದರೆ ಸಾಕು. ಮಾಲೊಗೆ ಹಳೆಯ ಉತ್ತರ ಒಂದೇ: 'ಕಣ್ಣು ಬೆಳ್ಳಗಾಗುವುದಕ್ಕಿಂತ ಮೂಳೆ ಬೆಳ್ಳಗಾಗಲಿ'. ಮುಖ ತೋರಿಸಲಾಗದೆ ಬದುಕುವುದಕ್ಕಿಂತ ಮಣ್ಣಲ್ಲಿ ಮಲಗೋದು ಮೇಲು ಅಂತ.

ವಿಯಾತಾ ಅವರು ನೋಡಿದ ಪ್ರಕರಣಗಳಲ್ಲಿ ಹೆಚ್ಚಿನವು ಹೆಂಡತಿಯ ವಿಷಯಕ್ಕೆ ಆದವು. ಈಗ ಆ ಅಂಗಳವನ್ನು ನೆನಪಿಸಿಕೊಳ್ಳಿ. ಲಂಗ್ಗಾರ್ ದಾಟಿ ಒಳಗೆ ಬಂದವನು ಗಂಡನ ಜಾಗವನ್ನೇ ಅಳಿಸಿದ ಹಾಗೆ. ಅಪ್ಪ ಅಮ್ಮ ಗುರು ದೊರೆಯ ಪಟ್ಟಿಯಲ್ಲಿ ಹೆಂಡತಿಯ ಹೆಸರಿಲ್ಲ ಅಂತ ನನಗೆ ಮೊದಲು ವಿಚಿತ್ರ ಅನ್ನಿಸಿತ್ತು. ಅವಳನ್ನು ಇಟ್ಟಿದ್ದು ಈ ಇನ್ನೊಂದು ಕಡೆ, ಗಂಡನ ಮಾನದ ಮನೆಯಲ್ಲಿ. ಅಲ್ಲಿ ಅವಳಿಗೆ ಕಾವಲು ಉಂಟು, ಮಾತಿಗೆ ಜಾಗ ಕಮ್ಮಿ. ಮನೆ ಅವಳದ್ದೇ ಆದರೂ ಇದು ಹೀಗೇ. ನನಗೆ ಇದು ಹೊಗಳುವ ವಿಷಯ ಅಂತ ಅನ್ನಿಸುವುದಿಲ್ಲ.

ಇಲ್ಲಿ ವರ್ಗದ ಲೆಕ್ಕ ಉಲ್ಟಾ ಆಗುತ್ತದೆ. ಹೊಲ ಇಲ್ಲದಿದ್ದರೂ, ಬಿರುದು ಇಲ್ಲದಿದ್ದರೂ ಮಾನ ಮಾತ್ರ ಎಲ್ಲರಿಗೂ ಒಂದೇ ತೂಕ. ಕಾಳಗದಲ್ಲಿ ಗೆದ್ದ ಒರೆಂಗ್ ಕೆನೆ ಊರಿನಲ್ಲಿ 'ಜಾಗೊ', ಅಂದರೆ ಗಂಡೆದೆಯ ವೀರ, ಅನ್ನಿಸಿಕೊಳ್ಳುತ್ತಾನೆ. ಅಂಥವರದ್ದೇ ಒಂದು ಬಳಗ ಇದೆ, ಬ್ಲಾತೆರ್ ಅಂತ. ದನದ ಓಟ, ಕೋಳಿ ಅಂಕ, ರಾತ್ರಿಯ ಕುಣಿತದ ಕೂಟ ಇವರ ಜಾಗ. ಕಳ್ಳತನವಾದರೆ ದನ ಹುಡುಕಿಸಿ ಕೊಡುವವರೂ ಇವರೇ. ಎಷ್ಟೋ ಹಳ್ಳಿಗಳಲ್ಲಿ ಕ್ಲೆಬುನ್, ಅಂದರೆ ಊರ ಮುಖ್ಯಸ್ಥ, ಬ್ಲಾತೆರ್ ಬಳಗದಿಂದಲೇ ಬರುತ್ತಾನೆ. ಹಾಗಾಗಿ ಹಳ್ಳಿಯಲ್ಲಿ ನಿಜವಾದ ಬಲ ಎರಡು: ಪ್ರಾರ್ಥನೆಯ ಬಲ ಇರುವ ಕಿಯಾಯ್, ತೋಳಿನ ಬಲ ಇರುವ ಬ್ಲಾತೆರ್. ಎದುರಾಳಿಗಳು ಅಂದುಕೊಳ್ಳಬೇಡಿ. ಬ್ಲಾತೆರ್ ಕಿಯಾಯ್ ಕೈಗೆ ಮುತ್ತಿಡುತ್ತಾನೆ, ಚಿಕ್ಕವನಿದ್ದಾಗ ಅವನ ಹತ್ತಿರವೇ ಓದಿರುತ್ತಾನೆ.

ಮದುರಾದವರೆಲ್ಲ ಕುಡುಗೋಲಿನ ಜನ ಅನ್ನುವ ಹಣೆಪಟ್ಟಿ ಅವರಿಗೆ ದುಬಾರಿಯಾಗಿ ಬಿತ್ತು. 2001ರಲ್ಲಿ ಬೋರ್ನಿಯೊ ದ್ವೀಪದ ಇಂಡೋನೇಷ್ಯಾ ಭಾಗವಾದ ಕಾಲಿಮಂತಾನ್‌ನ ಸಾಂಪಿತ್‌ನಲ್ಲಿ ಅಲ್ಲಿನ ಮೂಲ ನಿವಾಸಿಗಳಾದ ದಾಯಾಕ್ ಜನರಿಗೂ ವಲಸೆ ಹೋದ ಮದುರಾದವರಿಗೂ ನಡೆದ ಗಲಭೆಯಲ್ಲಿ ನೂರಾರು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಮದುರಾದವರು. ಸಾವಿರಾರು ಮನೆಗಳವರು ಬಿಟ್ಟುಬಂದರು. ಮೂಲ ಕಾರಣಗಳು ಭೂಮಿ, ಕೆಲಸ, ರಾಜಕೀಯ ಅಂತ ಹಲವಾರು. ಹಣೆಪಟ್ಟಿ ಕೊಲ್ಲುವವರ ಕೆಲಸ ಸುಲಭ ಮಾಡಿತು.

ಹೊಸ ಏಣಿ ಹತ್ತಲು ಈಗಿನವರಿಗೆ ಇರುವ ದಾರಿ ವ್ಯಾಪಾರ. 'ಬೇಸಾಯ ಮಾಡಿದರೆ ಅನ್ನ ಬೇಯುತ್ತದೆ, ವ್ಯಾಪಾರ ಮಾಡಿದರೆ ಮೈ ತುಂಬುತ್ತದೆ' ಅನ್ನುವ ಅರ್ಥದ ಗಾದೆ ಅಲ್ಲಿದೆ. ಜಾವಾ ಬೀದಿಗಳಲ್ಲಿ ಸಾತೆ (ಕಡ್ಡಿಗೆ ಚುಚ್ಚಿದ ಮಾಂಸ) ಸುಡುವವರು, ಗುಜರಿ ಕಬ್ಬಿಣ ಕೊಳ್ಳುವವರು, ಕ್ಷೌರದವರು ಎಷ್ಟೋ ಮಂದಿ ಮದುರಾದವರು. ಇಪ್ಪತ್ನಾಲ್ಕು ಗಂಟೆ ತೆರೆದಿರುವ ಅವರ ಚಿಲ್ಲರೆ ಅಂಗಡಿಗೆ ಪ್ರಳಯ ಆದರೆ ಮಾತ್ರ ರಜೆ ಅಂತ ಇಂಡೋನೇಷ್ಯಾದಲ್ಲಿ ಜೋಕ್ ಇದೆ. ದುಡಿದ ದುಡ್ಡು ಎಲ್ಲಿಗೆ ಹೋಗುತ್ತದೆ? ಮೊದಲು ಹಜ್‌ಗೆ. ಹಜ್ ಮುಗಿಸಿ ಬಿಳಿ ಟೋಪಿ ಹಾಕಿಕೊಂಡು ಬಂದವನನ್ನು ಊರು ಬೇರೆ ಹೆಸರಿನಿಂದ ಕರೆಯುತ್ತದೆ, ಕೂಟದಲ್ಲಿ ಮುಂದೆ ಕೂರಿಸುತ್ತದೆ. ರಾಜರಕ್ತ ದುಡ್ಡಿಗೆ ಸಿಗುವುದಿಲ್ಲ, ಹಾಜಿ ಪಟ್ಟ ದುಡಿದವನಿಗೆ ಸಿಗುತ್ತದೆ.

ದೊರೆ ಕೊನೆಯಲ್ಲಿರುವುದು ಹಳೇ ಕಥೆ ಅಂದುಕೊಳ್ಳುವ ಹಾಗಿಲ್ಲ. 1993ರ ಸೆಪ್ಟೆಂಬರ್‌ನಲ್ಲಿ ಸಾಂಪಾಂಗ್ ಜಿಲ್ಲೆಯ ನಿಪಾಹ್ ಎಂಬಲ್ಲಿ ಅಣೆಕಟ್ಟಿಗಾಗಿ ಹೊಲ ಅಳೆಯಲು ಬಂದಾಗ ರೈತರು ಅಡ್ಡ ನಿಂತರು. ಗುಂಡು ಹಾರಿ ನಾಲ್ವರು ಸತ್ತರು. ಅಧ್ಯಕ್ಷ ಸುಹಾರ್ತೊ ಅಧಿಕಾರದ ಕಾಲ, ಬಾಯಿ ಬಿಡಲು ಜನ ಹೆದರುತ್ತಿದ್ದ ದಿನಗಳು. ಆಗ ರೈತರ ಪರ ನಿಂತು ಮಾತಾಡಿದವರು ಕಿಯಾಯ್‌ಗಳು. ಅದೇ ಹೊತ್ತಿಗೆ ಸರ್ಕಾರ ಸುರಬಾಯಾದಿಂದ ಮದುರಾಕ್ಕೆ ಸೇತುವೆ ಕಟ್ಟಿ ಕೈಗಾರಿಕೆ ತರುವ ಯೋಜನೆ ಹಾಕಿತ್ತು. ಕಿಯಾಯ್‌ಗಳ ಕೂಟ ಅದನ್ನೂ ತಡೆದು ಪ್ರಶ್ನೆ ಕೇಳಿತು: ಕಾರ್ಖಾನೆ ಬಂದರೆ ನಮ್ಮ ಮಕ್ಕಳಿಗೆ ಕೆಲಸ ಸಿಗುತ್ತದೋ, ಅಥವಾ ಬರೀ ನೆಲ ಹೋಗುತ್ತದೋ? ಸರ್ಕಾರ ಅವರನ್ನು ಒಪ್ಪಿಸಲು ಓಡಾಡಬೇಕಾಯಿತು.

ಸೇತುವೆ ಕೊನೆಗೆ 2009ರ ಜೂನ್‌ನಲ್ಲಿ ತೆರೆಯಿತು. ಸುರಮಾದು ಅಂತ ಹೆಸರು, ಉದ್ದ ಸುಮಾರು 5.4 ಕಿಲೋಮೀಟರ್. 2018ರಿಂದ ಟೋಲ್ ಕೂಡ ಇಲ್ಲ. ಜಾವಾದವರು ರಂಜಾನ್ ಹಬ್ಬಕ್ಕೆ ಊರಿಗೆ ಹೋದರೆ ಮದುರಾದವರ ದೊಡ್ಡ ಊರು ಪಯಣ ಬಕ್ರೀದಿಗೆ. ಅದಕ್ಕೆ ಅವರ ಪದ 'ತೊರೊನ್', ಇಳಿಯೋದು ಅಂತ. ಆ ದಿನಗಳಲ್ಲಿ ಸೇತುವೆ ಮೇಲೆ ಬೈಕುಗಳ ಸಾಲು ಮುಗಿಯುವುದೇ ಇಲ್ಲ. ಹಿಂದೆ ಹೆಂಡತಿ, ನಡುವೆ ಮಗು, ಮುಂದೆ ಪೆಟ್ಟಿಗೆ. ಇಳಿದ ಮೇಲೆ ಮೊದಲು ಅಪ್ಪ ಅಮ್ಮನ ಕೈಗೆ ಮುತ್ತು. ಅವರಿಲ್ಲದಿದ್ದರೆ ಗೋರಿಗೆ ಹೂವು. ಆಮೇಲೆ ಸ್ನಾನ ಮಾಡಿ, ಒಗೆದ ಸಾರಂಗ್ ಉಟ್ಟು, ಚಿಕ್ಕಂದಿನಲ್ಲಿ ಓದಿಸಿದ ಕಿಯಾಯ್ ಮನೆಗೆ. ಕೈಕುಲುಕುವಾಗ ಅಂಗೈಯಲ್ಲಿ ಮಡಚಿಟ್ಟ ನೋಟು ಗುರುವಿನ ಅಂಗೈಗೆ ಜಾರುತ್ತದೆ, ಇಬ್ಬರೂ ನೋಡದವರ ಹಾಗೆ ಇರುತ್ತಾರೆ. ರಾತೊ ಕಚೇರಿಗೆ ಹಬ್ಬದ ರಜೆ.